ಒಪ್ಪವೂ ಒಪ್ಪಿಗೆಯೂ

ಕಾವ್ಯನಾಟಕಗಳ ಗುಣದೋಷವಿಚಾರಕ್ಕೆ ಮೀಸಲಾದ ಈ ಪುಟಗಳಲ್ಲಿ ವೈದ್ಯಶಾಲೆಯ ಕಾಗದವೊಂದನ್ನು ವಿಮರ್ಶೆಗೆ ಎತ್ತಿಕೊಂಡುದು ಕೆಲವು ವಾಚಕ ಮಹಾಶಯರಿಗೆ ಅನುಚಿತವಾಗಿ ಕಾಣಬಹುದು. ಆದರೆ ವಾಕ್ಯವು ಎಲ್ಲಿದ್ದರೂ ವಾಕ್ಯವೇ ಸರಿ. ಪದ್ಯದಲ್ಲಿ ಪದವೊಂದು ಕೆಟ್ಟರೆ ರಸಭಂಗವಾದೀತು. ಈ ಕಾಗದದಲ್ಲಿ ಪದವೊಂದು ತಿಳಿಯದೆ ಹೋದರೆ ಅಂಗಭಂಗವೇ ಆದೀತು. ಇಂಥ ಬರವಣಿಗೆಯನ್ನು ಓದಿ ನೋಡುವ ಶ್ರಮವನ್ನು ಸಾಹಿತ್ಯಾಭ್ಯಾಸಿಗಳು ವಹಿಸದಿದ್ದರೆ ಮತ್ತಾರು ವಹಿಸಬೇಕು?

ಆ ಕಾಗದಕ್ಕೆ ಸಮ್ಮತಿಪತ್ರವೆಂದು ಹೆಸರು. ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಯಿಂದಲೋ ಅವನ ಕಡೆಯವರಿಂದಲೋ ರುಜು ಹಾಕಿಸಿಕೊಳ್ಳುವ ಈ ಪತ್ರವನ್ನು ಕಾಣದ ಮನೆಯು ನಮ್ಮ ಊರಿನಲ್ಲಿ ವಿರಳ. ಕುಂಪಣಿಯವರ ಕಾಲದಲ್ಲಿ, 1848ರಲ್ಲಿ, ಸ್ಥಾಪಿತವಾಗಿ ಇಂದು ವೆನ್ಲಾಕ್ ಎಂದು ಕರೆಯಲ್ಪಡುವ ಜಿಲ್ಲಾ ಆಸ್ಪತ್ರೆಯಿಂದಲೂ, 1880ರಲ್ಲಿ ಫಾದರ್ ಮುಲ್ಲರರು ಕಂಕನಾಡಿಯಲ್ಲಿ ತೊಡಗಿಸಿದ ಔಷಧಾಲಯದಿಂದಲೂ ಮೊದಲ್ಗೊಂಡು ಮಂಗಳೂರು ವೈದ್ಯಕ್ಕೆ ಹೆಸರಾದ ಪಟ್ಟಣ. ಕಾಸರಗೋಡು, ಕೊಡಗು, ಚಿಕ್ಕಮಗಳೂರು ಕಡೆಗಳಿಂದಲೂ ರೋಗಿಗಳು ಇಲ್ಲಿಗೇ ಬರುವರು. ಆದುದರಿಂದ ಈ ಕಾಗದದ ವಿಚಾರವು ನಮಗೆ ದೂರದ್ದಲ್ಲ.

ಮೊದಲು ಅದರ ಶೈಲಿಯನ್ನು ನೋಡೋಣ. ಮೇಲೆ ಇಂಗ್ಲಿಷು, ಕೆಳಗೆ ಕನ್ನಡ. ಆ ಕನ್ನಡವಾದರೋ ಇಂಗ್ಲಿಷಿನ ನೆರಳಲ್ಲದೆ ಸ್ವತಂತ್ರವಾಗಿ ನಿಲ್ಲತಕ್ಕದ್ದಲ್ಲ. ಚಿಕಿತ್ಸೆಯ ಸ್ವರೂಪ, ಪ್ರಯೋಜನ, ಅಪಾಯ ಇವೆಲ್ಲವೂ ನನಗೆ ನನ್ನ ಭಾಷೆಯಲ್ಲಿ ವಿವರಿಸಲ್ಪಟ್ಟಿವೆ, ನಾನು ಅವನ್ನು ಗ್ರಹಿಸಿದ್ದೇನೆ ಎಂಬ ಅರ್ಥದ ಮಾತೊಂದು ಅದರಲ್ಲಿ ಸಾಮಾನ್ಯವಾಗಿ ಇದ್ದೇ ಇರುವುದು. ಇಲ್ಲಿ ‘ನಾನು’ ಎನ್ನುವವನು ಯಾರು? ವಾಕ್ಯವನ್ನು ರಚಿಸಿದವನು ವಕೀಲ, ಮುಂದಿಟ್ಟವಳು ದಾದಿ. ರೋಗಿಯು ಬಾಯಿ ತೆರೆಯುವುದಕ್ಕೆ ಮೊದಲೇ ಅವನ ಬಾಯಿಯ ಮಾತು ಅಚ್ಚಾಗಿ ಬಂದಿರುತ್ತದೆ. ನಾಟಕದ ಪಾತ್ರಧಾರಿಗಾದರೂ ಮಾತನ್ನು ಕಲಿತುಕೊಳ್ಳುವಷ್ಟು ಅವಕಾಶವನ್ನು ಕೊಡುವರು. ಈ ಪಾತ್ರಧಾರಿಗೆ ಅದೂ ಇಲ್ಲ.

ಕನ್ನಡದಲ್ಲಿ ‘ಒಪ್ಪ’ ಎಂಬ ಶಬ್ದಕ್ಕೆ ಅಂಕಿತ, ರುಜು ಎಂಬ ಅರ್ಥವು ಬಹು ಹಳೆಯದು. ವಿಜಯನಗರದ ಅರಸರ ತಾಮ್ರಶಾಸನಗಳ ಕೊನೆಯಲ್ಲಿ ಕಾಣುವ ‘ಶ್ರೀವಿರೂಪಾಕ್ಷ’ ಎಂಬುದು ಅರಸರ ಒಪ್ಪ. ನೆರೆಯ ಮಲಯಾಳದಲ್ಲಿ ರುಜುವಿಗೆ ಇಂದಿಗೂ ಒಪ್ಪು ಎಂದೇ ಹೇಳುವರು. ‘ಒಪ್ಪಿಗೆ’ಯು ಅದಕ್ಕೆ ನಂಟಿನ ಶಬ್ದವೇ, ಆದರೆ ಒಪ್ಪವು ಕೈಯ ವ್ಯಾಪಾರ, ಒಪ್ಪಿಗೆಯು ಮನಸ್ಸಿನ ವ್ಯಾಪಾರ. ಇನ್ನು ‘ಒಪ್ಪಿಸು’ ಎಂಬುದು ಮೂರನೆಯದು: ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಡುವುದೂ ಒಪ್ಪಿಸುವುದೇ, ಹುಡುಗನು ಉಪಾಧ್ಯಾಯನ ಮುಂದೆ ಪಾಠ ಹೇಳುವುದೂ ಒಪ್ಪಿಸುವುದೇ. ವೈದ್ಯಶಾಲೆಗಳಲ್ಲಿ ರೋಗಿಯನ್ನು ಒಪ್ಪಿಸುತ್ತಾರೆ, ಒಪ್ಪವನ್ನು ಹಾಕಿಸುತ್ತಾರೆ. ಒಪ್ಪಿಗೆಯು ನಡುವೆ ಎಲ್ಲಿ ಬಿದ್ದುಹೋಯಿತೆಂದು ಕೇಳುವವರಿಲ್ಲ.

ಇದೆಲ್ಲ ಪಾಶ್ಚಾತ್ಯರಿಂದ ಬಂದ ಹೊಸ ತೊಡಕು, ನಮ್ಮ ಪೂರ್ವಿಕರು ವೈದ್ಯನನ್ನು ನಂಬಿ ಸುಖವಾಗಿದ್ದರು ಎಂದು ಹೇಳುವವರುಂಟು. ಇದಕ್ಕೆ ವಿರುದ್ಧವಾಗಿ, ಇದೆಲ್ಲ ನಮ್ಮ ಶಾಸ್ತ್ರದಲ್ಲಿ ಮೊದಲೇ ಇತ್ತೆಂದು ಎದೆ ತಟ್ಟಿಕೊಳ್ಳುವವರೂ ಉಂಟು. ಇಬ್ಬರೂ ಗ್ರಂಥವನ್ನು ತೆರೆದು ನೋಡಿದವರಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಉದರರೋಗದ ಪ್ರಕರಣವು ಹದಿಮೂರನೆಯ ಅಧ್ಯಾಯ. ಬೇರೆ ಯಾವ ಉಪಾಯವೂ ಫಲಿಸದಿರುವಲ್ಲಿ ಅಲ್ಲಿ ವಿಷಪ್ರಯೋಗವನ್ನು ವಿಧಿಸಿದೆ. ಕೆರಳಿದ ಹಾವು ಕಚ್ಚಿ ವಿಷವನ್ನು ಬಿಟ್ಟ ಹಣ್ಣನ್ನು ತಿನ್ನಿಸುವುದೂ ಅದರಲ್ಲೊಂದು. ಇಷ್ಟು ಭಯಂಕರವಾದ ಕರ್ಮಕ್ಕೆ ಮೊದಲು ವೈದ್ಯನು ಏನು ಮಾಡತಕ್ಕದ್ದು? ಸುಮ್ಮನಿದ್ದರೆ ಮರಣವು ನಿಶ್ಚಯ, ಕ್ರಿಯೆ ನಡೆಸಿದರೆ ಬದುಕು ಸಂಶಯ ಎಂಬುದನ್ನು ಬಾಯಿಬಿಟ್ಟು ಹೇಳಿ ಅನುಜ್ಞೆಯನ್ನು ಪಡೆಯತಕ್ಕದ್ದು. ತನ್ನ ವಿದ್ಯೆಯಲ್ಲಿ ಸಂಶಯವುಂಟೆಂದು ವೈದ್ಯನೇ ಹೇಳಬೇಕೆಂಬ ಈ ವಿಧಿಯು ಅಸಾಮಾನ್ಯವಾದದ್ದು. ಅನುಜ್ಞೆ ಎಂಬ ಪದವೂ ಇಲ್ಲಿ ಗಮನಾರ್ಹ; ಅದರೊಳಗಿನ ಧಾತು ‘ಜ್ಞಾ’, ಅಂದರೆ ತಿಳಿಯುವುದು. ಅರಿವನ್ನು ಅನುಸರಿಸದೆ ಬಂದದ್ದು ಅಕ್ಷರಾರ್ಥದಿಂದಲೇ ಅನುಜ್ಞೆಯೆನಿಸದು.

ಇಷ್ಟನ್ನು ಕಂಡು ಹಿಗ್ಗುವವರು ಮುಂದಿನ ಪಟ್ಟಿಯನ್ನು ಓದಬೇಕು. ಯಾರ ಅನುಜ್ಞೆ? ಜ್ಞಾತಿಗಳು, ಮಿತ್ರರು, ಪತ್ನಿಯರು, ಬ್ರಾಹ್ಮಣರು, ಅರಸರು, ಗುರುಗಳು: ಇವರೆಲ್ಲರ ಹೆಸರು ಅಲ್ಲಿದೆ. ವಿಷವನ್ನು ತಿನ್ನತಕ್ಕವನ ಹೆಸರು ಮಾತ್ರ ಇಲ್ಲ. ವಾಕ್ಯದಲ್ಲಿ ಅವನು ಬರುವುದು ಚತುರ್ಥೀ ವಿಭಕ್ತಿಯಲ್ಲಿ: ‘ಅವನಿಗೆ’ ವಿಷವನ್ನು ಕೊಡತಕ್ಕದ್ದೆಂದು. ಎಲ್ಲರೂ ಕೂಡಿ ನಿಶ್ಚಯಿಸಿದ್ದನ್ನು ಸ್ವೀಕರಿಸುವ ಸಂಪ್ರದಾನಕಾರಕವಾಗಿ ಅವನು ಅಲ್ಲಿ ಕೈಯೊಡ್ಡಿ ನಿಂತಿದ್ದಾನೆ. ಸುಶ್ರುತನಲ್ಲಿಯೂ ಅಶ್ಮರಿಯನ್ನು ಕೊಯ್ದು ತೆಗೆಯುವ ಪ್ರಸಂಗದಲ್ಲಿ ಇದೇ ನ್ಯಾಯ. ಅಲ್ಲಿ ಕೇಳತಕ್ಕದ್ದು ಒಡೆಯನನ್ನು. ಅದೇ ಸುಶ್ರುತನು ಬೇರೊಂದೆಡೆಯಲ್ಲಿ, ತಾಯಿತಂದೆಗಳನ್ನೂ ಮಕ್ಕಳನ್ನೂ ಶಂಕಿಸುವ ರೋಗಿಯು ಸಹ ವೈದ್ಯನಿಗೆ ತನ್ನನ್ನು ತಾನೇ ಒಪ್ಪಿಸಿಕೊಳ್ಳುವನು, ಆದಕಾರಣ ಅವನನ್ನು ಮಗನಂತೆ ಕಾಪಾಡಬೇಕು ಎನ್ನುತ್ತಾನೆ. ಮಾತು ಹೃದಯಂಗಮವೇ. ಆದರೆ ಮಗನಂತೆ ಕಾಣುವಲ್ಲಿ ಕಾಪಾಡುವುದು ಹೆಚ್ಚು, ಕೇಳುವುದು ಕಡಿಮೆ ಎಂಬುದನ್ನು ಮಕ್ಕಳಾಗಿದ್ದ ನಾವೆಲ್ಲರೂ ಬಲ್ಲೆವು. (ಪ್ರಾಸಂಗಿಕವಾಗಿ ಒಂದು ಮಾತು. ಸಂಸ್ಕೃತದಲ್ಲಿ ಆತುರನೆಂದರೆ ರೋಗಿ. ಕನ್ನಡದಲ್ಲಿ ಆತುರವೆಂದರೆ ಅವಸರ. ಆತುರನಿಗೆ ಆತುರವಿಲ್ಲದೆ ಸುತ್ತಲಿನವರಿಗೆಲ್ಲ ಆತುರವಾಗಿರುವುದನ್ನು ನಮ್ಮ ಭಾಷೆಯು ಹೇಗೋ ಕಂಡುಕೊಂಡಿದೆ.)

ಚರಕನ ಕಾಲದ ಸಮಾಜಕ್ಕೆ ಇಂದಿನ ಅಳತೆಗೋಲನ್ನು ಹಿಡಿಯುವುದು ನನ್ನ ಉದ್ದೇಶವಲ್ಲ. ಆಶ್ಚರ್ಯವಿರುವುದು ಬೇರೆಡೆಯಲ್ಲಿ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ವೈದ್ಯರ ನಡತೆಯ ಕುರಿತು ಹೊರಡಿಸಿದ ನಿಯಮಾವಳಿಯ 7.16ನೆಯ ವಿಧಿಯು ಶಸ್ತ್ರಕರ್ಮಕ್ಕೆ ಮೊದಲು ಲಿಖಿತ ಸಮ್ಮತಿಯನ್ನು ಪಡೆಯಬೇಕೆಂದು ಹೇಳುತ್ತದೆ. ಯಾರಿಂದ? ಗಂಡ ಅಥವಾ ಹೆಂಡತಿಯಿಂದ. ಅಪ್ರಾಪ್ತವಯಸ್ಕರಿದ್ದಲ್ಲಿ ತಾಯಿತಂದೆಗಳಿಂದ ಅಥವಾ ಪೋಷಕರಿಂದ. ಇಲ್ಲವೆ, ಸಂದರ್ಭಾನುಸಾರ, ಸ್ವತಃ ರೋಗಿಯಿಂದ. ಪದಗಳ ಕ್ರಮವನ್ನು ವಾಚಕರು ಗಮನಿಸತಕ್ಕದ್ದು. ಸಾವಿರಾರು ವರ್ಷಗಳ ತರುವಾಯ ರೋಗಿಯು ಪಟ್ಟಿಯೊಳಗೆ ಬಂದನು, ದಿಟ. ಆದರೆ ಬಾಗಿಲ ಬಳಿ, ಕಡೆಯ ಪೀಠದಲ್ಲಿ. 2023ರ ಆಗಸ್ಟಿನಲ್ಲಿ ಹೊಸ ನಿಯಮಾವಳಿಯೊಂದು ಪ್ರಕಟವಾಯಿತಾದರೂ ಅದೇ ತಿಂಗಳಲ್ಲಿ ತಡೆಹಿಡಿಯಲ್ಪಟ್ಟು, 2002ರದೇ ಮತ್ತೆ ಆಚರಣೆಗೆ ಬಂದಿತು.

ಈ ಕ್ರಮವು ಬರಿಯ ವಾಕ್ಯರಚನೆಯ ದೋಷವಲ್ಲವೆಂಬುದು ಒಂದು ಮೊಕದ್ದಮೆಯಿಂದ ಸ್ಪಷ್ಟವಾಯಿತು. 1995ರ ಮೇ ತಿಂಗಳಲ್ಲಿ ದಿಲ್ಲಿಯ ಒಂದು ಚಿಕಿತ್ಸಾಲಯಕ್ಕೆ 44 ವರ್ಷ ವಯಸ್ಸಿನ ಅವಿವಾಹಿತ ಮಹಿಳೆಯೊಬ್ಬರು ಅತಿಸ್ರಾವದ ಕಾರಣದಿಂದ ಹೋದರು. ಹೊಟ್ಟೆಯೊಳಗನ್ನು ದರ್ಶಕನಳಿಕೆಯಿಂದ ನೋಡುವ ಪರೀಕ್ಷೆಗೂ, ಬೇಕಾದಲ್ಲಿ ಹೊಟ್ಟೆಯನ್ನು ತೆರೆಯುವುದಕ್ಕೂ ಒಪ್ಪಿ ರುಜು ಹಾಕಿದರು. ಅವರು ಅರಿವಳಿಕೆಯಲ್ಲಿ ಮಲಗಿದ್ದಾಗ ಸಹಾಯಕ ವೈದ್ಯರು ಹೊರಗೆ ಬಂದು, ಕಾದಿದ್ದ ವೃದ್ಧ ತಾಯಿಯ ಒಪ್ಪಿಗೆಯನ್ನು ಪಡೆದುಕೊಂಡು ಹೋದರು. ಮಗಳು ಎಚ್ಚತ್ತಾಗ ಗರ್ಭಕೋಶವೂ ಅಂಡಾಶಯಗಳೂ ಇರಲಿಲ್ಲ.

ಈ ವ್ಯಾಜ್ಯದಲ್ಲಿ 2008ರ ಜನವರಿ 16ರಂದು ಸುಪ್ರೀಮ್ ಕೋರ್ಟು ಕೊಟ್ಟ ತೀರ್ಪನ್ನು ಬರೆದವರು ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯದಿಂದ ಹೋದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರು. ಪ್ರಾಪ್ತವಯಸ್ಕಳಾಗಿ ಸ್ವಸ್ಥಬುದ್ಧಿಯುಳ್ಳವಳು ಅರಿವಳಿಕೆಯಿಂದ ಕೆಲವು ಗಂಟೆ ಮೈಮರೆತ ಮಾತ್ರಕ್ಕೆ ಅವಳ ಪರವಾಗಿ ಒಪ್ಪುವ ಅಧಿಕಾರವು ತಾಯಿಗೆ ಬಾರದು. ಪ್ರಾಣಾಪಾಯವು ಇಲ್ಲದಿರುವಲ್ಲಿ ಅವಳು ಎಚ್ಚರುವ ವರೆಗೆ ಕಾಯತಕ್ಕದ್ದು. ಪರೀಕ್ಷೆಗೆ ಕೊಟ್ಟ ಒಪ್ಪಿಗೆಯು ಚಿಕಿತ್ಸೆಗೆ ಸಲ್ಲದು ಎಂದು ಅದರಲ್ಲಿ ನಿರ್ಣಯವಾಯಿತು. ವೈದ್ಯೆಯ ಉದ್ದೇಶವು ಕೆಟ್ಟದ್ದೆಂದು ನ್ಯಾಯಾಲಯವು ಹೇಳಲಿಲ್ಲವೆಂಬುದೇ ಇಲ್ಲಿ ಮುಖ್ಯ. ಒಳ್ಳೆಯ ಉದ್ದೇಶವೂ, ತಾಯಿಯ ವಾತ್ಸಲ್ಯವೂ, ಎರಡೂ ಕೂಡಿದರೂ ಮಗಳ ಒಂದು ಮಾತಿಗೆ ಸಮವಾಗಲಿಲ್ಲ.

ತೀರ್ಪಿನ ಈ ಭಾಗಕ್ಕೆ ನಮ್ಮ ಪೂರ್ಣ ಗೌರವವು ಸಲ್ಲುವುದು. ಉತ್ತರಭಾಗದಲ್ಲಿ ಮಾತ್ರ ಧೈರ್ಯವು ಸಾಲದಾಯಿತು. ರೋಗಿಗೆ ಎಷ್ಟನ್ನು ಹೇಳಬೇಕು? ಚಿಕಿತ್ಸೆಯ ಸ್ವರೂಪ, ಉದ್ದೇಶ, ಬೇರೆ ಮಾರ್ಗಗಳು, ಮುಖ್ಯ ಅಪಾಯಗಳು, ಒಲ್ಲೆನೆಂದರೆ ಆಗತಕ್ಕ ಪರಿಣಾಮ, ಇಷ್ಟನ್ನು ಹೇಳಬೇಕು. ದೂರದ ಅಪಾಯಗಳನ್ನೆಲ್ಲ ಹೇಳಬೇಕಾಗಿಲ್ಲ. ಸಾಕೆಂಬುದರ ಪ್ರಮಾಣವು ವೈದ್ಯವೃತ್ತಿಯಲ್ಲಿ ಅಂಗೀಕೃತವಾದ ರೂಢಿ. ಅಮೆರಿಕೆಯ ಕಟ್ಟುನಿಟ್ಟಾದ ಮಾನದಂಡವು ನಮ್ಮ ದೇಶದ ಸ್ಥಿತಿಗೆ ಒಗ್ಗದೆಂಬ ಭಾವ. ಹೀಗಾದರೆ, ಹೇಳತಕ್ಕದ್ದು ಎಷ್ಟೆಂಬುದನ್ನು ಹೇಳತಕ್ಕವರೇ ನಿಶ್ಚಯಿಸಿದಂತಾಯಿತು. ಯಾವ ಆಂಗ್ಲರ ಸಂಪ್ರದಾಯವನ್ನು ನಾವು ಆಗ ಹಿಡಿದೆವೋ ಅದನ್ನು ಅವರೇ 2015ರಲ್ಲಿ ಬಿಟ್ಟರು. ಮಧುಮೇಹವುಳ್ಳ ಗಿಡ್ಡ ಮೈಕಟ್ಟಿನ ಗರ್ಭಿಣಿಯೊಬ್ಬಳಿಗೆ ಹೆರಿಗೆಯಲ್ಲಿ ಶಿಶುವಿನ ಭುಜವು ಸಿಕ್ಕಿಕೊಳ್ಳುವ ಸಂಭವವು ನೂರಕ್ಕೆ ಒಂಬತ್ತು ಹತ್ತರಷ್ಟು ಇದ್ದರೂ ವೈದ್ಯೆಯು ಅದನ್ನು ಹೇಳಿರಲಿಲ್ಲ. ಹೇಳಿದರೆ ಶಸ್ತ್ರಕ್ರಿಯೆಯನ್ನೇ ಬೇಡುವಳೆಂದು. ಶಿಶುವು ಮೆದುಳಿನ ಊನದಿಂದ ಹುಟ್ಟಿತು. ಆ ಸ್ಥಿತಿಯಲ್ಲಿರುವ ವ್ಯಕ್ತಿಗೆ ಯಾವುದು ಮುಖ್ಯವೋ ಅದನ್ನು ಹೇಳತಕ್ಕದ್ದೆಂದು ಬ್ರಿಟನ್ನಿನ ಸುಪ್ರೀಮ್ ಕೋರ್ಟು ಆಗ ತೀರ್ಮಾನಿಸಿತು. ಇನ್ನು ದಿಲ್ಲಿಯ ಮಹಿಳೆಗೆ ಹದಿಮೂರು ವರ್ಷಗಳ ಮೇಲೆ ದೊರೆತ ಪರಿಹಾರವು 25,000 ರೂಪಾಯಿ. ಅದರ ಕುರಿತು ಟೀಕೆ ಅನಾವಶ್ಯಕ.

ಆಸ್ಪತ್ರೆಗಳ ಮಾತು ಇಷ್ಟಿರಲಿ. ಅಲ್ಲಿ ಕಾಗದವಾದರೂ ಉಂಟು. ನಮ್ಮ ಹೆಚ್ಚಿನ ಚಿಕಿತ್ಸೆಯು ನಡೆಯುವುದು ಮನೆಯ ಡಾಕ್ಟರರ ಕೈಯಲ್ಲಿ. ಮೂರು ತಲೆಮಾರುಗಳ ಜ್ವರವನ್ನು ನೋಡಿದವರು, ಮದುವೆ ಮುಂಜಿಗಳಿಗೆ ಬಂದು ಉಂಡುಹೋದವರು. ಚುಚ್ಚುಮದ್ದಿಗೆ ತೋಳನ್ನು ಚಾಚಿದರೆ ಅದೇ ಒಪ್ಪಿಗೆ. ಅದಕ್ಕೆ ಕಾಗದವನ್ನು ಕೇಳುವುದು ಅಧಿಕಪ್ರಸಂಗವಾದೀತು. ಆದರೆ ದೊಡ್ಡ ಕಾಯಿಲೆಯು ಮನೆಗೆ ಬಂದಾಗ ಈ ಸಲುಗೆಯೇ ತೊಡಕಾಗುತ್ತದೆ. ಡಾಕ್ಟರರು ರೋಗಿಗೆ ಮಾತ್ರ ಸಂಬಂಧಪಟ್ಟವರಲ್ಲ, ಮನೆಗೇ ಸಂಬಂಧಪಟ್ಟವರು. ಮನೆಯ ಪರವಾಗಿ ಮಾತಾಡುವವನು ಯಜಮಾನ. ಅಳಿಯಸಂತಾನದ ಮನೆಗಳಲ್ಲಿ ಹಿಂದೆ ಅದು ಸೋದರಮಾವ. ಇಂದು ಅದು ದುಬಾಯಿಯಲ್ಲಿಯೋ ಮಸ್ಕತ್ತಿನಲ್ಲಿಯೋ ಇದ್ದುಕೊಂಡು ದೂರವಾಣಿಯಲ್ಲಿ ಅಪ್ಪಣೆ ಕೊಡುವ ಮಗ.

ನಾನು ಬಲ್ಲ ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿಯೊಬ್ಬರಿಗೆ ಹೊಟ್ಟೆಯೊಳಗೆ ಅರ್ಬುದವಾಯಿತು. ಡಾಕ್ಟರರು ಗಂಡುಮಕ್ಕಳನ್ನು ಚಾವಡಿಗೆ ಕರೆದು ಎಲ್ಲವನ್ನೂ ಹೇಳಿದರು. ಒಳಗೆ ಮಲಗಿದ್ದವರಿಗೆ ಹೇಳಿದ್ದು, ‘ವಾಯು ಜಾಸ್ತಿಯಾಗಿದೆ ಅಮ್ಮ’ ಎಂದು. ಆಕೆಯ ಮನೆಮಾತು ತುಳು. ‘ಎಂಕ್ ದಾದ ಆಂಡ್?’ ನನಗೆ ಏನಾಯಿತು ಎಂದು, ನೋಡಲು ಹೋದವರೆಲ್ಲರನ್ನೂ ಕೇಳುತ್ತಿದ್ದರು. ಮುಂಬಯಿಯಲ್ಲಿದ್ದ ಕಿರಿಯ ಮಗಳಿಗೆ ತನ್ನ ಕೈಯಾರೆ ಕೊಡಬೇಕೆಂದು ಚಿನ್ನದ ಎರಡು ಬಳೆಗಳನ್ನು ಇಟ್ಟಿದ್ದರು. ಮಳೆಗಾಲ ಕಳೆಯಲಿ, ಆಮೇಲೆ ಬಾ ಎಂದು ತಾವೇ ಹೇಳಿಕಳುಹಿಸಿದರು. ತನ್ನ ಮಳೆಗಾಲಗಳು ಮುಗಿದಿವೆಯೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಶ್ರಾವಣದಲ್ಲಿ ತೀರಿಕೊಂಡರು. ಡಾಕ್ಟರರು ದುಷ್ಟರಲ್ಲ, ಮಕ್ಕಳು ಪ್ರೀತಿಯಿಲ್ಲದವರಲ್ಲ. ಆ ಮನೆಯಲ್ಲಿ ಆಕೆಯೊಬ್ಬರನ್ನು ಬಿಟ್ಟು ಎಲ್ಲರೂ ಆಕೆಯ ವಿಷಯದಲ್ಲಿ ಒಪ್ಪಿದ್ದರು, ಅಷ್ಟೆ.

ಸತ್ಯವನ್ನು ಹೇಳಿದರೆ ರೋಗಿಯು ಎದೆಯೊಡೆದು ಸಾಯುವನು ಎಂಬ ವಾದಕ್ಕೂ ಚರಕನನ್ನೇ ಸಾಕ್ಷಿಗೆ ಕರೆಯುವರು. ವಿಮಾನಸ್ಥಾನದಲ್ಲಿ ಶಿಷ್ಯನಿಗೆ ಮಾಡುವ ಉಪದೇಶದೊಳಗೆ, ಆಯುಸ್ಸು ಕುಂದಿದೆಯೆಂದು ತಿಳಿದರೂ ಹೇಳಬಾರದು ಎಂಬ ಮಾತು ಉಂಟು, ನಿಜ. ಆದರೆ ಅದು ಅಲ್ಲಿಗೆ ಮುಗಿಯುವುದಿಲ್ಲ. ಎಲ್ಲಿ ಹೇಳುವುದರಿಂದ ರೋಗಿಗಾಗಲಿ ಇತರರಿಗಾಗಲಿ ಘಾತವಾಗುವುದೋ ಅಲ್ಲಿ ಹೇಳಬಾರದು ಎಂಬುದು ವಾಕ್ಯದ ಪೂರ್ಣರೂಪ. ‘ಎಲ್ಲಿ’, ‘ಅಲ್ಲಿ’ ಎಂಬ ಪದಗಳಿಗೆ ಅರ್ಥವಿರುವುದಾದರೆ ಇದು ಅಪವಾದವೇ ಹೊರತು ಉತ್ಸರ್ಗವಲ್ಲ. ಈ ರೋಗಿಯು ಅಂಥವನೋ ಅಲ್ಲವೋ ಎಂದು ಒಬ್ಬೊಬ್ಬರಲ್ಲಿಯೂ ನೋಡಿ ತಿಳಿಯಬೇಕು. ನಾವಾದರೋ ಅಪವಾದವನ್ನು ಸಾಮಾನ್ಯವಿಧಿಯಾಗಿ ಮಾಡಿಕೊಂಡಿದ್ದೇವೆ. ‘ನನಗೆ ಏನನ್ನೂ ಹೇಳಬೇಡಿ, ಮಗನಿಗೆ ಹೇಳಿ’ ಎನ್ನುವವರೂ ಇದ್ದಾರೆ. ಅದು ಅವರ ಹಕ್ಕು. ಆದರೆ ಆ ಮಾತು ಅವರ ಬಾಯಿಂದಲೇ ಬರಬೇಕು, ಅದಕ್ಕಾಗಿ ಒಮ್ಮೆಯಾದರೂ ಅವರನ್ನು ಕೇಳಬೇಕು.

ಹೆಂಗಸರ ವಿಷಯದಲ್ಲಿ ಈ ರೂಢಿಯು ಇನ್ನೂ ಗಟ್ಟಿ. 1971ರ ಗರ್ಭಪಾತ ಕಾಯಿದೆಯು ಪ್ರಾಪ್ತವಯಸ್ಕ ಸ್ತ್ರೀಯ ಸಮ್ಮತಿಯೊಂದನ್ನೇ ಕೇಳುವುದು. ಗಂಡನ ಹೆಸರೇ ಅಲ್ಲಿಲ್ಲ. ಆದರೂ ‘ಯಜಮಾನರು ಬಂದಿದ್ದಾರೆಯೇ?’ ಎಂಬ ಪ್ರಶ್ನೆಯು ತಪ್ಪುವುದಿಲ್ಲ.

ಇನ್ನು ಭಾಷೆಯ ಪ್ರಶ್ನೆ. ತಾರ್ಕಿಕರು ಶಾಬ್ದಬೋಧಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಕಾರಣಗಳನ್ನು ಹೇಳುವರು. ಒಂದು ಪದವನ್ನು ಈಗಲೂ ಇನ್ನೊಂದನ್ನು ಜಾವ ಕಳೆದ ಮೇಲೂ ಹೇಳಿದರೆ ಸನ್ನಿಧಿಯಿಲ್ಲದೆ ಅರ್ಥವಾಗದೆಂಬುದು ಪಾಠಶಾಲೆಯ ಬಾಲಕರೂ ಬಲ್ಲ ಉದಾಹರಣೆ. ಬೆಳಗ್ಗೆ ಒಬ್ಬ ವೈದ್ಯರು ಅರ್ಧವನ್ನು ವಿವರಿಸಿ, ರಾತ್ರಿ ದಾದಿಯು ಕಾಗದವನ್ನು ತಂದು ರುಜುವನ್ನು ಪಡೆದರೆ ಅದು ಸನ್ನಿಧಿಯಿಲ್ಲದ ವಾಕ್ಯವೇ. ತುಳು, ಕೊಂಕಣಿ, ಬ್ಯಾರಿ, ಮಲಯಾಳಗಳನ್ನಾಡುವ ಜನರಿಗೆ ‘ಅರಿವಳಿಕೆಯ ಸಂಭಾವ್ಯ ತೊಡಕುಗಳು’ ಎಂದರೆ ಕನ್ನಡವೂ ಒಂದು ಇಂಗ್ಲಿಷೇ. 1872ರ ಕರಾರು ಕಾಯಿದೆಯು, ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಅದು ಸಮ್ಮತಿ ಎಂದು ಲಕ್ಷಣವನ್ನು ಹೇಳಿದೆ. ಒಂದು ತೆಂಗಿನ ತೋಟದ ಮಾರಾಟಕ್ಕೆ ಬೇಕಾದಷ್ಟು ಅರ್ಥೈಕ್ಯವು ದೇಹದ ಕೊಯ್ತಕ್ಕೆ ಬೇಡವೇ? 2017ರ ಮಾನಸಿಕ ಆರೋಗ್ಯ ಕಾಯಿದೆಯು ಈ ವಿಷಯದಲ್ಲಿ ಮೇಲು. ಆ ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿಯೂ ರೀತಿಯಲ್ಲಿಯೂ ಹೇಳಿ ಪಡೆದುದೇ ಸಮ್ಮತಿ ಎಂದು ಅದರ ಲಕ್ಷಣದೊಳಗೇ ಸೇರಿಸಿದೆ.

ತಿಳಿಯಿತೇ ಎಂದು ಕೇಳಿದರೆ ಹೌದು ಎನ್ನದವರಿಲ್ಲ. ನಲವತ್ತು ಹುಡುಗರ ತರಗತಿಯಲ್ಲಿ ಆ ಪ್ರಶ್ನೆಯ ಬೆಲೆ ಏನೆಂದು ಉಪಾಧ್ಯಾಯರಾದವರಿಗೆ ಗೊತ್ತು. ಪಾಠವನ್ನು ಒಪ್ಪಿಸಬೇಕು. ಅದೂ ಗಿಳಿಪಾಠವಾಗಿ ಅಲ್ಲ, ತನ್ನ ಮಾತಿನಲ್ಲಿ. ನಮ್ಮ ಕಡೆಯ ಹಿರಿಯ ವೈದ್ಯರೊಬ್ಬರಿಗೆ ಈ ಅಭ್ಯಾಸವುಂಟು: ವಿವರಿಸಿದ ಬಳಿಕ ರೋಗಿಯನ್ನು ತುಳುವಿನಲ್ಲಿಯೇ, ‘ಮನೆಗೆ ಹೋಗಿ ಹೆಂಡತಿಗೆ ಏನೆಂದು ಹೇಳುತ್ತೀರಿ, ಈಗ ನನಗೆ ಹೇಳಿ ನೋಡುವ’ ಎನ್ನುತ್ತಾರೆ. ರೋಗಿಯು ತಪ್ಪಿದರೆ ಮೊದಲಿನಿಂದ ಹೇಳುತ್ತಾರೆ. ಎರಡೇ ನಿಮಿಷದ ಕೆಲಸ. ಚರಕನು ರೋಗಿಯ ನಾಲ್ಕು ಗುಣಗಳಲ್ಲಿ ಜ್ಞಾಪಕತ್ವವನ್ನು, ಅಂದರೆ ತನ್ನ ಸ್ಥಿತಿಯನ್ನು ತಿಳಿಯಹೇಳುವ ಶಕ್ತಿಯನ್ನು, ಎಣಿಸಿದ್ದಾನೆ. ವೈದ್ಯನ ಗುಣಗಳ ಪಟ್ಟಿಗೂ ಅದನ್ನು ಸೇರಿಸಿದ್ದರೆ ಚೆನ್ನಾಗಿತ್ತು.

ಕಡೆಯದಾಗಿ, ರೋಗಿಯೇ ನಿಜವಾದ ಕರ್ತೃವಾಗಿರುವ ಪತ್ರವೊಂದು ಈಚೆಗೆ ಬಂದಿದೆ. ಮುಂದೆ ತನಗೆ ಮಾತು ನಿಂತುಹೋದರೆ, ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಹೇಳಬೇಕು ಎಂಬುದನ್ನು ಸ್ವಸ್ಥನಿರುವಾಗಲೇ ಬರೆದಿಡುವ ಹಕ್ಕನ್ನು ಸುಪ್ರೀಮ್ ಕೋರ್ಟು 2018ರ ಮಾರ್ಚಿ 9ರಂದು ಅಂಗೀಕರಿಸಿತು. ಮೊದಲು ಮ್ಯಾಜಿಸ್ಟ್ರೇಟರ ರುಜುವೇ ಬೇಕಾಗಿತ್ತು. 2023ರ ಜನವರಿಯಲ್ಲಿ ಅದನ್ನು ಸಡಿಲಿಸಿ, ಇಬ್ಬರು ಸಾಕ್ಷಿಗಳೂ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯೂ ಸಾಕೆಂದಿತು. 2025ರ ಜನವರಿ 30ರಂದು ಕರ್ನಾಟಕ ಸರಕಾರದ ಆರೋಗ್ಯ ಇಲಾಖೆಯು ಇದನ್ನು ಜಾರಿಗೆ ತರುವ ಸುತ್ತೋಲೆಯನ್ನು ಹೊರಡಿಸಿತು. ಪತ್ರದ ಪ್ರತಿಯೊಂದನ್ನು ಕುಟುಂಬದ ವೈದ್ಯರಿದ್ದಲ್ಲಿ ಅವರಿಗೂ ಕೊಡಬೇಕೆಂದು ನ್ಯಾಯಾಲಯವೇ ಹೇಳಿದೆ. ಮನೆಯ ಡಾಕ್ಟರರ ಹೆಸರು ಕಾನೂನಿನ ಮಾತಿನೊಳಗೆ ಹೀಗೆ ಬಂದುದು ಸಂತೋಷದ ಸಂಗತಿ. ಆದರೆ ನನ್ನ ಕಣ್ಣಿಗೆ ಬಿದ್ದ ಮಾದರಿಪತ್ರಗಳು ಇಂಗ್ಲಿಷಿನಲ್ಲಿವೆ. ನಮ್ಮ ಸಂಘದ ಸದಸ್ಯರಲ್ಲಿ ವೈದ್ಯರಿದ್ದಾರೆ, ವಕೀಲರಿದ್ದಾರೆ, ತುಳು ಕೊಂಕಣಿಗಳಲ್ಲಿ ಬರೆಯಬಲ್ಲವರಿದ್ದಾರೆ. ಅವರು ಕೂಡಿ ಕುಳಿತು ಒಂದು ಪುಟದ ಮಾದರಿಯನ್ನು ಕನ್ನಡದಲ್ಲಿಯೂ ತುಳುವಿನಲ್ಲಿಯೂ ಕೊಂಕಣಿಯಲ್ಲಿಯೂ ಸಿದ್ಧಪಡಿಸಲಿ. ಅಚ್ಚಿಗೆ ಕೊಡುವ ಮೊದಲು ಒಬ್ಬೊಬ್ಬರೂ ತಮ್ಮ ಮನೆಯ ಅಜ್ಜಿಗೆ ಅದನ್ನು ಓದಿ ಹೇಳಿ, ಆಕೆ ತಿರುಗಿ ಹೇಳಲಾಗದ ಪದಗಳನ್ನೆಲ್ಲ ಹೊಡೆದುಹಾಕಿ ತರಲಿ.